ಕೆಂಚನಿಗೆ ಹಂದಿ ಹಾಯ್ದ ಮಳೆಗಾಲ

ಹೊಲಿಗೆ ಬಿಟ್ಟುಕೊಂಡ ಮೇಲೆ ಮತ್ತೆ ಹೊಲಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಒಂದು ಕ್ಷಣ ಅವರ ಮುಖವನ್ನೇ ನೋಡಿದೆ. ನಮ್ಮ ನಾಯಿ ಕೆಂಚನ ತೊಡೆಯ ಮೇಲೆ ಅಂಗೈ ಅಗಲದ ಕೆಂಪು ಮಾಂಸ ತೆರೆದುಕೊಂಡಿದೆ, ಹೊರಗೆ ಪುನರ್ವಸು ಮಳೆ ಬಿಡುವಿಲ್ಲದೆ ಹೊಯ್ಯುತ್ತಿದೆ, ಡಾಕ್ಟರು ನೋಡಿದರೆ “ಮನೇಲೇ ತೊಳೀತಾ ಇರಿ, ಅಡಿಯಿಂದ ತುಂಬ್ಕೊಂಡು ಬರ್ತದೆ” ಅನ್ನುತ್ತಿದ್ದಾರೆ.

ತುಂಬಿಕೊಂಡು ಬಂತು. ಪುಷ್ಯ, ಆಶ್ಲೇಷ ಕಳೆದು ಮಘೆ ಮಳೆ ಮುಗಿಯುವ ಹೊತ್ತಿಗೆ ಅಲ್ಲಿ ಉಳಿದದ್ದು ಬೆರಳುದ್ದದ ಒಂದು ಗೆರೆ. ಅಷ್ಟು ದಿನದಲ್ಲಿ ಮನೆಯವರೆಲ್ಲ ಸೇರಿ ಗಾಯಕ್ಕೆ ಹಚ್ಚಿದ್ದು ಬಹಳ ಕಡಿಮೆ, ಅದರ ಹತ್ತಿರ ಬರಲು ನೋಡಿದ್ದನ್ನು ತಡೆದದ್ದೇ ಹೆಚ್ಚು. ನೊಣ, ನಾಲಿಗೆ, ಒಲೆಬೂದಿ, ಕೆಸರು, ಊರವರ ಮದ್ದು. ಇವಿಷ್ಟರಿಂದ ಗಾಯ ಕಾಯುವುದೇ ಆ ಮಳೆಗಾಲದಲ್ಲಿ ನನ್ನ ಕೆಲಸವಾಗಿತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಳೆ ಹಿಡಿದು ಮಣ್ಣು ಮೆತ್ತಗಾಯಿತೆಂದರೆ ಎರೆಹುಳ ಹುಡುಕಿಕೊಂಡು ಕಾಡುಹಂದಿಗಳು ತೋಟಕ್ಕೆ ಇಳಿಯುತ್ತವೆ. ಬೆಳಗ್ಗೆ ಹೋಗಿ ನೋಡಿದರೆ ಮರದ ಬುಡವೆಲ್ಲ ಕೆದರಿ, ಬಾಳೆ ಸಸಿಗಳು ಮಗುಚಿ ಬಿದ್ದಿರುತ್ತವೆ. ಕೆಂಚ ನಾಡುನಾಯಿ, ಹದಿನೆಂಟು ಕೆಜಿ ತೂಗುವ ಕೆಂದು ಬಣ್ಣದ ಗಂಡು. ಹಂದಿ ವಾಸನೆ ಬಡಿದರೆ ಅವನನ್ನು ಹಿಡಿಯುವವರಿಲ್ಲ. ಆ ರಾತ್ರಿಯೂ ಬೊಗಳುತ್ತಾ ಓಡಿದ. ಆಮೇಲೆ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಚ್ಚಲ ಹತ್ತಿರ ಬಂದು ಮಲಗಿದ್ದ. ಟಾರ್ಚ್ ಬಿಟ್ಟಾಗ ಸಿಮೆಂಟಿನ ಮೇಲೆ ರಕ್ತ, ತೊಡೆಯಿಂದ ಪಕ್ಕೆಯ ಕಡೆಗೆ ಸೀಳಿ ಒಂದು ಕಡೆ ಜೋತುಬಿದ್ದ ಚರ್ಮ.

ಮೊದಲು ಬಾಯಿ ಕಟ್ಟಿದೆವು. ಹಳೆ ಸೀರೆಯ ಪಟ್ಟಿಯನ್ನು ಮೂತಿಗೆ ಒಂದು ಸುತ್ತು ಹಾಕಿ ಕಿವಿಯ ಹಿಂದೆ ಗಂಟು. ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚಿಬಿಡುತ್ತದೆ, ಅದರಲ್ಲಿ ಅದರ ತಪ್ಪಿಲ್ಲ. (ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಮೂತಿ ಕಟ್ಟಬಾರದು.) ಮಾವನ ಒಗೆದ ಪಂಚೆ ಮಡಿಸಿ ಗಾಯದ ಮೇಲಿಟ್ಟು ನಮ್ಮ ಯಜಮಾನರು ಒತ್ತಿ ಹಿಡಿದರು. ಗಡಿಯಾರ ನೋಡಿ ಹತ್ತು ನಿಮಿಷ, ನಡುವೆ ಒಮ್ಮೆಯೂ ಎತ್ತಿ ನೋಡದೆ. ಎತ್ತಿ ನೋಡಿದಷ್ಟು ಸಲ ಹೆಪ್ಪುಗಟ್ಟುತ್ತಿರುವ ರಕ್ತ ಕಿತ್ತು ಬರುತ್ತದೆ.

ಅಷ್ಟರಲ್ಲಿ ಅತ್ತೆ ಕಾಫಿಪುಡಿ ಡಬ್ಬಿ ಹಿಡಿದು ಬಂದರು. “ಒಂದು ಮುಷ್ಟಿ ಒತ್ತು ಮಾರಾಯ್ತಿ, ರಕ್ತ ನಿಂತೇ ಹೋಗ್ತದೆ.” ತೋಟದಲ್ಲಿ ಕತ್ತಿ ತಾಗಿದರೆ ನಾವೆಲ್ಲ ಅದನ್ನೇ ಮಾಡುವವರು, ನಿಲ್ಲುತ್ತದೆ ಕೂಡ. ಆದರೆ ಇಷ್ಟು ದೊಡ್ಡ ಸೀಳಿನೊಳಗೆ ಹಾಕಿದ ಪುಡಿಯನ್ನು ಬೆಳಗ್ಗೆ ಡಾಕ್ಟರು ಒಂದೊಂದು ಕಣವಾಗಿ ತೊಳೆದು ತೆಗೆಯಬೇಕಾಗುತ್ತದೆ. “ಡಬ್ಬಿ ಇಲ್ಲೇ ಇಟ್ಟಿರಿ ಅತ್ತೆ, ಒತ್ತಿದ್ದಕ್ಕೆ ನಿಲ್ಲದಿದ್ರೆ ನೋಡೋಣ” ಅಂದೆ. ಒತ್ತಿದ್ದಕ್ಕೇ ನಿಂತಿತು.

ಹಂದಿಯ ಕೋರೆಯ ಗಾಯದಲ್ಲಿ ಕಣ್ಣಿಗೆ ಕಾಣುವ ಸೀಳಿಗಿಂತ ಹೆದರಬೇಕಾದದ್ದು ಕಾಣದ ತೂತಿಗೆ. ಹೊರಗೆ ಬಟನ್ನಿನಷ್ಟು ಗುರುತಿದ್ದು ಒಳಗೆ ಹೊಟ್ಟೆಯ ತನಕ ಹೋಗಿರಬಹುದು. ಟಾರ್ಚ್ ಹಿಡಿದು ಹೊಟ್ಟೆ, ಎದೆ, ಕಂಕುಳ ಎಲ್ಲ ಕೂದಲು ಸರಿಸಿ ನೋಡಿದೆವು. ಮೇಲ್ದುಟಿ ಎತ್ತಿ ವಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ಬಂತು. ವಸಡು ಬಿಳಿಚಿಕೊಂಡೇ ಇದ್ದರೆ, ಹೊಟ್ಟೆ ಬಿಗಿದುಕೊಂಡಿದ್ದರೆ, ಎದೆಯ ಗಾಯದಿಂದ ಗಾಳಿಗುಳ್ಳೆ ಬರುತ್ತಿದ್ದರೆ ಬೆಳಗಾಗುವ ತನಕ ಕಾಯುವ ಪ್ರಶ್ನೆಯೇ ಇರುತ್ತಿರಲಿಲ್ಲ, ಆ ಮಳೆಯಲ್ಲೇ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೊರಡಬೇಕಿತ್ತು. ಜೋತುಬಿದ್ದ ಚರ್ಮವನ್ನು ಕತ್ತರಿಸುವ ಗೋಜಿಗೆ ಹೋಗದೆ, ಇದ್ದ ಜಾಗಕ್ಕೆ ಸರಿಸಿ, ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಬಟ್ಟೆ ಮುಚ್ಚಿ ಸುತ್ತಿದೆವು.

ಬೆಳಗ್ಗೆ ಪಶು ಆಸ್ಪತ್ರೆಯಲ್ಲಿ ಮಂಪರು ಮದ್ದು ಕೊಟ್ಟು ಗಾಯದ ಸುತ್ತ ಕೂದಲು ತೆಗೆದರು. ಕತ್ತರಿಸುವ ಮುಂಚೆ ಗಾಯದ ಬಾಯಿಗೆ ಒಂದಿಷ್ಟು ಜೆಲ್ಲಿ ತುಂಬಿದರು. ಉದುರಿದ ಕೂದಲು ಮಾಂಸಕ್ಕೆ ಅಂಟದೆ ಜೆಲ್ಲಿಗೆ ಅಂಟಿ, ತೊಳೆದಾಗ ಅದರ ಜೊತೆಗೇ ಹೊರಗೆ ಬಂತು. ಡ್ರಿಪ್ಪಿನ ಸಲೈನ್ ಬಾಟಲಿಯನ್ನೇ ಹಿಂಡಿ ಹಿಂಡಿ ತೊಳೆದರು. ಕೆಸರು, ಒಣಗಿದ ಸೋಗೆಯ ಚೂರು, ಅವನದೇ ಕೂದಲು ಎಲ್ಲ ಹೊರಟಿತು. ಮೇಲ್ಭಾಗ ಹೊಲಿದು, ಕೆಳತುದಿಯಲ್ಲಿ ಕಟ್ಟಿದ ನೀರು ಇಳಿದುಹೋಗಲು ದಾರಿ ಬಿಟ್ಟರು. “ಈ ತುದಿಗೆ ರಕ್ತ ಹೋಗೋ ದಾರಿ ಹರಿದುಹೋಗಿದೆ, ಕಪ್ಪಾದ್ರೂ ಆಗ್ಬಹುದು” ಅಂತ ಮೊದಲೇ ಹೇಳಿಟ್ಟರು. ಅವನಿಗೆ ವರ್ಷವರ್ಷ ರೇಬೀಸ್ ಲಸಿಕೆ ಹಾಕಿಸಿದ್ದರೂ, ಕಾಡುಪ್ರಾಣಿ ಗಾಯ ಮಾಡಿದ್ದರಿಂದ ಇನ್ನೊಂದು ಬೂಸ್ಟರ್ ಕೊಟ್ಟರು. ನಾವಿಬ್ಬರೂ ಕೈಗೆ ಎಲ್ಲಾದರೂ ಗೀರು, ಹಲ್ಲು ತಾಗಿದೆಯೇ ಎಂದು ತೋರಿಸಬೇಕಾಯಿತು. ಹಾಗೇನಾದರೂ ಆಗಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಸೀದಾ ಮನುಷ್ಯರ ಆಸ್ಪತ್ರೆಗೆ ಹೋಗಬೇಕು.

ಮದ್ದಿನಲ್ಲಿ ಎರಡು ಬಗೆ. ಬೆಳಗ್ಗೆ ರಾತ್ರಿ ಊಟದ ಮೇಲೆ ರೋಗಾಣು ಕೊಲ್ಲುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆ, ಕೆಲವು ದಿನ ಮಾತ್ರ ದಿನಕ್ಕೊಂದು ಸಲ ನೋವಿಗೆ ಮೆಲಾಕ್ಸಿಕ್ಯಾಮ್. ಎರಡನ್ನೂ ತೂಕ ನೋಡಿ ಬರೆದರು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದನ್ನೂ ಕೊಡಕೂಡದು ಅಂತ ಎರಡೆರಡು ಸಲ ಹೇಳಿದರು. ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುವ, ಇಲ್ಲವೇ ಮೂತ್ರಪಿಂಡ, ಯಕೃತ್ತು ಕೆಡಿಸುವ ಮಾತ್ರೆಗಳು ಅವು. ಡೈಕ್ಲೊಫೆನಾಕ್ ಹೆಸರು ಬಂದಾಗ ನನಗೆ ರಣಹದ್ದು ನೆನಪಾಯಿತು. ದನಗಳಿಗೆ ಕೊಟ್ಟ ಆ ಮದ್ದು, ಸತ್ತ ದನ ತಿಂದ ಹದ್ದುಗಳ ವಂಶವನ್ನೇ ಅಳಿಸುತ್ತಾ ಬಂದದ್ದರಿಂದ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಬದಲಿಗೆ ಬಂದದ್ದೇ ಈ ಮೆಲಾಕ್ಸಿಕ್ಯಾಮ್. ಗಾಯಕ್ಕೂ ಇದಕ್ಕೂ ಸಂಬಂಧವಿಲ್ಲ, ಚೀಟಿ ಓದುವಾಗ ತಲೆಗೆ ಬಂತು ಅಷ್ಟೇ.

ಡಾಕ್ಟರು ಹೇಳಿದ ಹಾಗೇ ಆಯಿತು. ಚರ್ಮದ ತುದಿ ಮೊದಲು ನೀಲಿಗಟ್ಟಿತು, ಆಮೇಲೆ ಕಪ್ಪಾಗಿ ಹಳೆ ಚಪ್ಪಲಿಯ ಅಟ್ಟೆಯ ಹಾಗೆ ಬಿರುಸಾಯಿತು. ಕೆಳಗಿನ ಹೊಲಿಗೆಗಳು ಒಂದೊಂದಾಗಿ ಬಿಟ್ಟುಕೊಂಡವು. ಸತ್ತ ಭಾಗವನ್ನು ಅವರು ಕತ್ತರಿಸಿ ತೆಗೆಯುವಾಗ ಕೆಂಚ ತಿರುಗಿಯೂ ನೋಡಲಿಲ್ಲ, ಅದರಲ್ಲಿ ಜೀವವೂ ಇರಲಿಲ್ಲ ನೋವೂ ಇರಲಿಲ್ಲ. ಮತ್ತೆ ಯಾಕೆ ಹೊಲಿಯಬಾರದು ಅಂದರೆ, ಉಳಿದ ಚರ್ಮವನ್ನು ಎಳೆದು ಕೂಡಿಸಿದರೆ ಬಿಗಿತಕ್ಕೆ ಅದೂ ಸಾಯುತ್ತದೆ. ಜೊತೆಗೆ, ಅಷ್ಟು ಹೊತ್ತು ತೆರೆದಿದ್ದ ಗಾಯದಲ್ಲಿ ರೋಗಾಣು ಇದ್ದೇ ಇರುತ್ತದೆ, ಮೇಲೆ ಬಾಯಿ ಮುಚ್ಚಿದರೆ ಒಳಗೆ ಕೀವು ಕಟ್ಟುತ್ತದೆ. ತೆರೆದೇ ಇದ್ದರೆ ತಳದಿಂದ ಹೊಸ ಮಾಂಸ ಎದ್ದು ಬರುತ್ತದೆ, ಅಂಚಿನ ಚರ್ಮ ಒಳಮುಖವಾಗಿ ಸರಿಯುತ್ತದೆ. ಅಲ್ಲಿಗೆ ಚೆಂಡು ನಮ್ಮ ಮನೆಯಂಗಳಕ್ಕೆ ಬಿತ್ತು.

ದಿನಚರಿ ಹೀಗಿತ್ತು. ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಚಹಾ ಚಮಚದಲ್ಲಿ ಮಟ್ಟಸವಾಗಿ ಮುಕ್ಕಾಲು ಚಮಚ ಉಪ್ಪು. ಲೀಟರಿಗೆ 9 ಗ್ರಾಂ ಬೀಳುವ ಲೆಕ್ಕ ಅದು. ರಕ್ತದ ಉಪ್ಪಿನಂಶಕ್ಕೆ ಹತ್ತಿರವಿರುವುದರಿಂದ ಹಸಿ ಮಾಂಸಕ್ಕೆ ಉರಿಯುವುದಿಲ್ಲ. ಮೊಣಕೈಗೆ ಹಾಕಿ ನೋಡಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸುವಷ್ಟು ಆರಿಸುವುದು. ಮೆಡಿಕಲ್ ಶಾಪಿನಿಂದ ತಂದ 20 ಎಂಎಲ್ ಸಿರಿಂಜಿನ ಸೂಜಿ ತೆಗೆದಿಟ್ಟು, ಅದರಲ್ಲಿ ನೀರು ಎಳೆದು ಮೇಲಿನಿಂದ ಕೆಳಗೆ ಚಿಮ್ಮಿಸುವುದು. ಉಜ್ಜುವ ಹಾಗಿಲ್ಲ. ಹತ್ತಿ ಮುಟ್ಟಿಸುವ ಹಾಗಿಲ್ಲ, ಎಳೆ ಉಳಿದುಬಿಡುತ್ತದೆ. ಗಾಜ್ ಬಟ್ಟೆ ಮಾತ್ರ, ಅದೂ ಸುತ್ತಲಿನ ಚರ್ಮ ಒರೆಸಲಿಕ್ಕೆ. ಮೊದಮೊದಲು ಪೊವಿಡೋನ್ ಅಯೋಡಿನ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಹಾಕಿದೆವು. ಕೆಂಪು ಮಾಂಸ ಕಾಣತೊಡಗಿದ ಮೇಲೆ ಡಾಕ್ಟರು ಅದನ್ನೂ ನಿಲ್ಲಿಸಿ ಬರೀ ಉಪ್ಪುನೀರು ಸಾಕು ಅಂದರು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುವುದು ನೋಡಲಿಕ್ಕೆ ಚೆಂದ, ಆದರೆ ರೋಗಾಣುವಿನ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಜೀವಕೋಶವನ್ನೂ ಸುಟ್ಟುಬಿಡುತ್ತದೆ. ಡೆಟಾಲ್, ಸ್ಪಿರಿಟ್ಟೂ ಅದೇ ಸಾಲಿಗೆ.

ತೊಳೆದಾದ ಮೇಲೆ ಪ್ಯಾರಾಫಿನ್ ಹಚ್ಚಿದ ಗಾಜ್, ಮೇಲೊಂದು ದಪ್ಪ ಪ್ಯಾಡು. ತೊಡೆಯ ಮೇಲೆ, ಪಕ್ಕೆಯ ಹತ್ತಿರ ಬ್ಯಾಂಡೇಜು ನಿಲ್ಲುವುದಿಲ್ಲ, ನಾಲ್ಕು ಹೆಜ್ಜೆಗೆ ಜಾರಿ ಕಾಲಿಗೆ ಬರುತ್ತದೆ. ಮಗನ ಶಾಲೆಯ ಆಟದ ಟೀಶರ್ಟು, ಗಿಡ್ಡವಾಗಿ ಮೂಲೆ ಸೇರಿದ್ದು, ಇಲ್ಲಿ ಉಪಯೋಗಕ್ಕೆ ಬಂತು. ಹಿಂದುಮುಂದಾಗಿ ಹಾಕುವುದು: ಬಾಲ ಕತ್ತಿನ ತೂತಿನಿಂದ, ಹಿಂಗಾಲುಗಳು ತೋಳುಗಳಿಂದ, ಕೆಳ ಅಂಚನ್ನು ಬೆನ್ನ ಮೇಲೆ ಸಡಿಲವಾಗಿ ಗಂಟು ಹಾಕುವುದು. ಹಸಿರು ಹೌಸಿನ ಟೀಶರ್ಟು ತೊಟ್ಟು ಅವನು ಜಗಲಿಯಲ್ಲಿ ನಡೆದಾಡುವುದನ್ನು ನೋಡಲಿಕ್ಕೆ ಅಕ್ಕಪಕ್ಕದ ಮಕ್ಕಳು ಬರುತ್ತಿದ್ದರು. ಒದ್ದೆಯಾದ ತಕ್ಷಣ ಬಿಚ್ಚಿ ಬೇರೆ ಹಾಕಬೇಕು, ಒದ್ದೆ ಬಟ್ಟೆ ಕಟ್ಟಿಡುವುದಕ್ಕಿಂತ ಬಟ್ಟೆಯಿಲ್ಲದಿರುವುದೇ ಒಳ್ಳೆಯದು. ಪ್ಯಾಡು ಅಂಟಿಕೊಂಡಿದ್ದರೆ ಎಳೆಯದೆ ಉಪ್ಪುನೀರು ಬಿಟ್ಟು ನೆನೆಸಿ ಕಾಯಬೇಕು. ಜೋರಾಗಿ ಎಳೆದರೆ ಹೊಸ ಮಾಂಸದ ಒಂದು ಪದರ ಅದರ ಜೊತೆಗೇ ಬರುತ್ತದೆ.

ಇವರು ತಲೆ ಹಿಡಿದು ಕೂರುವುದು, ನಾನು ತೊಳೆಯುವುದು, ಮಗ ದೋಸೆ ಚೂರು ಹಿಡಿದು ಮೂಗಿನ ಮುಂದೆ ನಿಲ್ಲುವುದು. ಉಪ್ಪುನೀರಿನ ಸ್ಟೀಲು ಪಾತ್ರೆಯ ಸದ್ದಿಗೇ ಕೆಂಚ ಕೊಟ್ಟಿಗೆಯ ಹುಲ್ಲಿನ ಹಿಂದೆ ಅಡಗುತ್ತಿದ್ದ. ಆಮೇಲಾಮೇಲೆ ದೋಸೆಯ ಲೆಕ್ಕ ಅವನಿಗೂ ತಿಳಿದು, ಪಾತ್ರೆ ಸದ್ದಾದರೆ ತಾನೇ ಬಂದು ಪಕ್ಕಕ್ಕೆ ಒರಗಿ ಮಲಗತೊಡಗಿದ.

ನಾಲಿಗೆಯ ಕಾಟ ದೊಡ್ಡದು. ನಾಯಿ ನೆಕ್ಕಿಕೊಂಡರೆ ಗಾಯ ಮಾಯುತ್ತದೆ ಅಂತ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಜೊಲ್ಲಿನಲ್ಲಿ ರೋಗಾಣು ತಡೆಯುವ ಅಂಶ ಸ್ವಲ್ಪ ಇರುವುದು ಹೌದಂತೆ. ಅದೇ ಬಾಯಲ್ಲಿ ಪಾಶ್ಚುರೆಲ್ಲಾದಂಥ ರೋಗಾಣುಗಳೂ ಇವೆ, ನಾಲಿಗೆಯಂತೂ ಒರಟು. ಒಂದು ರಾತ್ರಿ ಬಿಟ್ಟರೆ ವಾರವಿಡೀ ಕೂಡಿದ್ದನ್ನು ಕೆದಕಿ ರಕ್ತ ಬರಿಸುತ್ತದೆ. ಬಾಯಿ ಗಾಯಕ್ಕೆ ತಲುಪದಂತೆ ತಲೆಯ ಸುತ್ತ ನಿಲ್ಲುವ, ಆಲಿಕೆಯಂಥ ಕೋನ್ ಕೊರಳಿಗೆ ಹಾಕಿ ಅಂದರು ಡಾಕ್ಟರು. ಪೇಟೆಯಲ್ಲಿ ಆ ಅಳತೆಯದು ಇರಲಿಲ್ಲ, ಶಿವಮೊಗ್ಗದಿಂದ ತರಿಸಬೇಕು.

ಅಲ್ಲಿಯತನಕ ಮಾವ ಹಾಳೆಯಲ್ಲಿ ಒಂದನ್ನು ಮಾಡಿದರು. ಅಟ್ಟದಿಂದ ಅಗಲವಾದ ಅಡಿಕೆ ಹಾಳೆ ಇಳಿಸಿ ರಾತ್ರಿ ನೀರಲ್ಲಿ ನೆನೆಹಾಕಿದರು. ನೆನೆದ ಹಾಳೆ ಹೇಳಿದ ಹಾಗೆ ಬಗ್ಗುತ್ತದೆ, ಹಾಳೆಟೊಪ್ಪಿ ಮಾಡುವುದೂ ಹೀಗೆಯೇ. ಕೆಂಚನ ಮೂತಿಗಿಂತ ನಾಲ್ಕು ಬೆರಳು ಉದ್ದ ಬರುವಂತೆ ಕತ್ತರಿಸಿ, ಸುತ್ತಿ, ಗೋಣಿದಾರದಲ್ಲಿ ಹೊಲಿದು, ಕತ್ತಿನ ಅಂಚಿಗೆ ಹಳೆ ಪಂಚೆಯ ಪಟ್ಟಿ ಮಡಚಿ ಹೊಲಿದರು. ಕತ್ತಿನ ಹತ್ತಿರ ಎರಡು ಬೆರಳು ಸಲೀಸಾಗಿ ತೂರಬೇಕು. ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಡಿಲವಾದರೆ ಮುಂಗಾಲಿಂದ ತಳ್ಳಿ ಕಳಚುತ್ತಾನೆ. ಮಾವನಿಗೆ ಎಂಬತ್ತರ ಹತ್ತಿರ. ಕನ್ನಡಕ ಮೂಗಿನ ತುದಿಗಿಳಿಸಿ, ದಬ್ಬಳ ಹಿಡಿದು, ನಾಯಿಯ ಕುತ್ತಿಗೆ ಅಳತೆ ತೆಗೆಯುವಾಗ ಅವರ ಮುಖ ನೋಡಬೇಕಿತ್ತು. ಶ್ರಾವಣದ ತೇವಕ್ಕೆ ಹಾಳೆ ಬೂಸಲು ಹಿಡಿದು ಮೆತ್ತಗಾಗುವ ಹೊತ್ತಿಗೆ ಸರಿಯಾಗಿ ಪ್ಲಾಸ್ಟಿಕ್ಕಿನ ಕೋನ್ ಬಂತು. ಊಟಕ್ಕೆ ಮಾತ್ರ ಬಿಚ್ಚುವುದು, ತಿಂದು ಮುಗಿಯುವ ತನಕ ಒಬ್ಬರು ಎದುರಿಗೇ ಕೂರುವುದು.

ಊಟದ ವಿಷಯಕ್ಕೆ ಬಂದರೆ, ಹೊಸ ಮಾಂಸ ಕಟ್ಟಬೇಕಾದರೆ ಹೊಟ್ಟೆಗೆ ಪ್ರೋಟೀನು ಬೀಳಬೇಕು, ಬರೀ ಅನ್ನ ಮಜ್ಜಿಗೆ ಸಾಲದು, ಮೊಟ್ಟೆ ಕೊಡಿ ಅಂದರು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅಡುಗೆಮನೆ ಬೇಡ, ಬಚ್ಚಲ ಒಲೆಯಲ್ಲಿ ಅಂತ ತೀರ್ಮಾನವಾಯಿತು. ಅಡಿಕೆ ಸಿಪ್ಪೆಯ ಕೆಂಡದ ಮೇಲೆ ಹಳೆ ಅಲ್ಯೂಮಿನಿಯಂ ಡಬರಿಯಲ್ಲಿ ಮೊಟ್ಟೆ ಬೇಯುತ್ತಿರುವಾಗ ಅತ್ತೆ ಸ್ನಾನದ ನೀರು ನೋಡಲು ಬಂದು, ಡಬರಿ ಕಡೆ ತಿರುಗದೆ, “ಅದೆಂತದೋ ಕುದೀತಾ ಉಂಟು, ಉಕ್ಕೀತು ನೋಡು” ಅಂದು ಹೋದರು.

ಆ ಬಚ್ಚಲ ಒಲೆಯೇ ಇನ್ನೊಂದು ತಲೆನೋವು. ಮಳೆಗಾಲದಲ್ಲಿ ನಾಯಿಗೆ ಒಲೆಯ ಬಾಯಿಯಷ್ಟು ಸುಖದ ಜಾಗ ಬೇರಿಲ್ಲ, ಬೂದಿಯಲ್ಲೇ ಹೊರಳಿ ಮಲಗುತ್ತದೆ. ಮೈ ಬೆಚ್ಚಗಿರುವುದು ಬೇಕು, ಗಾಯಕ್ಕೆ ಬೂದಿ ಬೇಡ. ಒಲೆಯ ಮುಂದಿನ ಬೂದಿ ಗುಡಿಸಿ, ಅಡ್ಡಕ್ಕೆ ಹಲಗೆ ಇಟ್ಟು, ಈಚೆ ಬದಿ ಗೋಣಿಚೀಲದ ಮೇಲೆ ಒಗೆದ ಚಾದರ ಹಾಸಿದೆವು.

ಪುಷ್ಯ ಮಳೆಯ ನಡುವೆ ಬಿಡುವು ಸಿಕ್ಕಿ ಹೊಳವಾಯಿತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಕಾಯುತ್ತಿದ್ದವರೆಲ್ಲ ತೋಟಕ್ಕೆ ಇಳಿದರು. ಬಿಸಿಲು ಬಿದ್ದರೆ ನೊಣವೂ ಏಳುತ್ತದೆ. ಸಂಜೆ ಟೀಶರ್ಟು ಬಿಚ್ಚಿದಾಗ ಗಾಯದ ಕೆಳ ಅಂಚಿನಲ್ಲಿ, ಕೂದಲ ಬುಡಕ್ಕೆ ಕೆನೆ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ನೊಣದ ಮೊಟ್ಟೆ. ಸಣ್ಣ ಬಾಚಣಿಗೆಯಲ್ಲಿ ಕೆರೆದು, ಅಂಚಿನ ಕೂದಲನ್ನು ಇನ್ನಷ್ಟು ಕತ್ತರಿಸಿ, ಅಯೋಡಿನ್ ಗಾಜಿನಿಂದ ಒರೆಸಿದೆ. ಬೆಳಗ್ಗೆ ಅಂಚಿನ ಚರ್ಮದ ಅಡಿಯ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಚುಕ್ಕೆಗಳು ಅಲುಗುತ್ತಿವೆ. ವಾಸನೆಯೂ ಬೇರೆ. ಕೀವಿನ ವಾಸನೆಯಲ್ಲ, ಸಿಹಿಗೂಡಿದ ಕೊಳೆತ ವಾಸನೆ. ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ.

ಕೊಳಕು ಗಾಯಕ್ಕೆ ಮಾತ್ರ ಹುಳ ಬೀಳುತ್ತದೆ ಅಂದುಕೊಂಡವರೇ ಹೆಚ್ಚು. ಸತ್ತ ಮಾಂಸ ತಿನ್ನುವ ನೊಣಗಳ ಮಾತು ಹಾಗಿರಬಹುದು. ನಮ್ಮ ಕಡೆ ದನ, ನಾಯಿಗಳ ಗಾಯಕ್ಕೆ ಬರುವ ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೊಣ ಹುಡುಕುವುದು ಜೀವಂತ ಮಾಂಸವನ್ನೇ. ಒಂದು ಸಲಕ್ಕೆ ನೂರಕ್ಕೂ ಮೇಲೆ ಮೊಟ್ಟೆ ಇಡುತ್ತದೆ, ಒಂದು ದಿನದೊಳಗೆ ಮರಿಯಾಗುತ್ತದೆ, ಸುಮಾರು ಒಂದು ವಾರ ಮಾಂಸ ಕೊರೆದು ತಿಂದು ಮಣ್ಣಿಗೆ ಉದುರಿ ಕೋಶ ಕಟ್ಟುತ್ತದೆ. ತೊಳೆದಿಟ್ಟ ಕೆಂಪು ಗಾಯ ಅದಕ್ಕೆ ಹಬ್ಬದೂಟ.

ಡಾಕ್ಟರು ಕೈಗವಸು ಹಾಕಿ ತೋರಿಸಿಕೊಟ್ಟರು. ಹುಳ ತಲೆ ಕೆಳಗೆ ಮಾಡಿ ಕೊರೆದು ಕೂತಿರುತ್ತದೆ, ಬಾಲದ ತುದಿ ಮೇಲೆ. ಉಸಿರಾಡುವುದು ಆ ತುದಿಯಿಂದಲೇ. ಸುಮ್ಮನೆ ಚಿಮುಟ ಹಾಕಿ ಎಳೆದರೆ ಕೊಕ್ಕೆಯಂಥ ಮುಳ್ಳುಗಳಿಂದ ಕಚ್ಚಿ ಹಿಡಿಯುತ್ತದೆ, ತುಂಡಾಗುತ್ತದೆ. ಟರ್ಪೆಂಟೈನ್ ತುಸುವೇ ತಾಗಿಸಿದ ಗಾಜ್ ತುಂಡನ್ನು ಸಂದಿಯ ಬಾಯಿಗಿಟ್ಟು ಸ್ವಲ್ಪ ಹೊತ್ತು ಕಾದರು. ಉಸಿರು ಕಟ್ಟಿ ಅವು ಹೊರಗೆ ಬರತೊಡಗಿದವು. ಒಂದೊಂದನ್ನೇ ತೆಗೆದು ಮದ್ದಿನ ನೀರಿಗೆ ಹಾಕಿದರು. ಟರ್ಪೆಂಟೈನನ್ನು ಗಾಯದೊಳಗೆ ಸುರಿಯುವುದಲ್ಲ, ಹಸಿ ಮಾಂಸ ಬೆಂದುಹೋಗುತ್ತದೆ. ಆಮೇಲೆ ಸಲೈನಿನಲ್ಲಿ ಮತ್ತೆ ಮತ್ತೆ ತೊಳೆದು, ಹುಳ ಕೊಲ್ಲುವ ಐವರ್ಮೆಕ್ಟಿನ್ ಚುಚ್ಚಿದರು. ನಾಡುನಾಯಿಗೆ ಅಡ್ಡಿಯಿಲ್ಲ, ಕೋಲಿ ಜಾತಿಯ ನಾಯಿಗಳಲ್ಲಿ ಹಲವಕ್ಕೆ ಹುಟ್ಟಿನಿಂದಲೇ ಇರುವ ಒಂದು ದೋಷದಿಂದ ಈ ಮದ್ದು ಮಿದುಳಿಗೆ ಏರಿ ಪ್ರಾಣಕ್ಕೇ ಬರಬಹುದು, ಹಾಗಾಗಿ ದನಕ್ಕೆ ತಂದದ್ದನ್ನು ಅಂದಾಜಿನ ಮೇಲೆ ನಾಯಿಗೆ ಕೊಡುವ ಅಭ್ಯಾಸ ಬೇಡ ಅಂದರು. ಮರುದಿನ ಮತ್ತೆ ನೋಡಬೇಕಾಯಿತು. ಕಣ್ಣಿಗೆ ಸಿಕ್ಕದ ಮರಿಗಳು ಒಂದು ರಾತ್ರಿಯಲ್ಲಿ ಕಾಣುವಷ್ಟು ಬೆಳೆದಿರುತ್ತವೆ. ಸಿಕ್ಕಿದವು ಕೂಡ.

ಅವತ್ತಿನಿಂದ ಕೆಂಚ ಸೊಳ್ಳೆಪರದೆಯೊಳಗೆ. ಮಗು ಮಲಗಿಸುವ, ಕೊಡೆಯ ಹಾಗೆ ಬಿಚ್ಚುವ ಹಳೆಯ ಪರದೆ ಅಟ್ಟದಲ್ಲಿತ್ತು. ಜಗಲಿಯ ಮೂಲೆಯಲ್ಲಿ ಅದರೊಳಗೆ, ಕೊರಳಿಗೆ ಕೋನು, ಮೈಗೆ ಹಸಿರು ಟೀಶರ್ಟು. ಗಾಯದ ಅಂಚಿನಿಂದ ದೂರ, ಕೂದಲ ಮೇಲೆ ಮಾತ್ರ ಬೇವಿನೆಣ್ಣೆ ಸವರಲು ಡಾಕ್ಟರು ಒಪ್ಪಿದರು. ನೊಣ ದೂರವಾಯಿತು, ಬಂದ ನೆಂಟರೂ ಸ್ವಲ್ಪ ದೂರವೇ ಕೂತರು.

ಹುಳ ಬಿದ್ದ ಸುದ್ದಿ ಹಬ್ಬಿದ ಮೇಲೆ ಮದ್ದು ಹೇಳುವವರಿಗೆ ಬರವೇ? ನುಸಿಗುಳಿಗೆ ಪುಡಿ ಮಾಡಿ ತುಂಬಿ. ಹೊಗೆಸೊಪ್ಪು ಸುಣ್ಣ ಅರೆದು ಮೆತ್ತಿ. ಸೀಮೆಎಣ್ಣೆ ಬಿಡಿ. ಬೋರ್ಡೋ ಕಲಸುತ್ತಿದ್ದವನು ಅಲ್ಲಿಂದಲೇ ಕೂಗಿದ, “ಅಮ್ಮಾ, ಮೈಲುತುತ್ತ ಇಲ್ಲೇ ಉಂಟಲ್ಲ, ಒಂದು ಚಿಟಿಕೆ ಹಾಕಿದ್ರೆ ಹುಳದ ಅಪ್ಪನೂ ಸಾಯ್ತದೆ.” ಹುಳ ಸಾಯುವುದು ಖಂಡಿತ. ನುಸಿಗುಳಿಗೆ ಹಸಿ ಗಾಯದಿಂದ ಮೈಗೆ ಸೇರಿ ರಕ್ತ ಕೆಡಿಸುತ್ತದೆ, ಹೊಗೆಸೊಪ್ಪಿನ ನಿಕೋಟಿನ್ನೂ ಹಾಗೆಯೇ ಒಳಗಿಳಿಯುತ್ತದೆ, ಮೈಲುತುತ್ತ ಮಾಂಸ ಸುಡುತ್ತದೆ, ನೆಕ್ಕಿದರೆ ವಾಂತಿ ತಪ್ಪಿದ್ದಲ್ಲ. ಅರಿಶಿನದ ಬಗ್ಗೆ ಮಾತ್ರ ಅತ್ತೆಯ ಜೊತೆ ನಿಜವಾದ ಚರ್ಚೆಯೇ ನಡೆಯಿತು. ಅರಿಶಿನಕ್ಕೆ ಗುಣವಿಲ್ಲ ಅಂತ ನಾನು ಹೇಳುವುದಿಲ್ಲ. ಡಬ್ಬಿಯ ಅರಿಶಿನ ರೋಗಾಣುವಿಲ್ಲದ್ದಲ್ಲ ಅನ್ನುವುದು ಒಂದು. ಎರಡನೆಯದು, ಒಂದು ಸಲ ಹಚ್ಚಿದರೆ ಗಾಯವೆಲ್ಲ ಹಳದಿ. ಕೆಂಪಾಗಿದೆಯೋ, ಕೀವಾಗಿದೆಯೋ, ಅಂಚು ಕಪ್ಪಾಗುತ್ತಿದೆಯೋ ಒಂದೂ ತಿಳಿಯುವುದಿಲ್ಲ. ಗಾಯಕ್ಕೆ ಬಳಿಯುವ ನೇರಳೆ ಬಣ್ಣದ ಜಿ.ವಿ. (ಜೆನ್ಶಿಯನ್ ವಯೊಲೆಟ್) ಪೇಂಟಿಗೂ ನನ್ನದು ಇದೇ ತಕರಾರು. ಮನೆಯಲ್ಲಿ ಗಾಯ ನೋಡಿಕೊಳ್ಳುವವರಿಗೆ ಇರುವ ಒಂದೇ ಆಧಾರ ಕಣ್ಣು, ಅದಕ್ಕೇ ಬಣ್ಣ ಬಳಿದರೆ ಹೇಗೆ?

ಜೇನಿನ ವಿಷಯ ಮಾವ ಎತ್ತಿದರು. ತೋಟದಲ್ಲಿ ತುಡುವೆ ಪೆಟ್ಟಿಗೆಗಳಿವೆ. ಜೇನು ಗಾಯದ ನೀರನ್ನು ಹೀರಿ ರೋಗಾಣು ಬೆಳೆಯದಂತೆ ಮಾಡುತ್ತದೆ, ಆಸ್ಪತ್ರೆಗಳಲ್ಲಿ ಬಳಸುವ ಜೇನೂ ಇದೆ, ಅದನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ. ಡಾಕ್ಟರು ನಗುತ್ತಾ, “ಜೇನು ಕೆಟ್ಟದ್ದಲ್ಲ ಹೆಗಡೇರೆ. ಆದ್ರೆ ನಿಮ್ಮ ಜಗಲಿ ಇರುವೆಗೆ ಯಾರು ಹೇಳೋರು?” ಅಂದರು. ಮಾವ ಅಲ್ಲಿಗೆ ಬಿಟ್ಟರು.

ದಿನವೂ ನೋಡುತ್ತಿದ್ದರೆ ಬದಲಾವಣೆ ಕಾಣುವುದಿಲ್ಲ, ಕಂಡದ್ದೆಲ್ಲ ಹೆದರಿಕೆಯೇ ಹುಟ್ಟಿಸುತ್ತದೆ. ಹಾಗಾಗಿ ಗಾಯದ ಪಕ್ಕ ಐದು ರೂಪಾಯಿ ನಾಣ್ಯ ಹಿಡಿದು, ಒಂದೇ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತಿದ್ದೆ. ಡಾಕ್ಟರಿಗೂ ಅದನ್ನೇ ಕಳಿಸುತ್ತಿದ್ದೆ. ಮೊದಲ ಫೋಟೋಗಳಲ್ಲಿ ಮಂಕು ಕೆಂಪು, ಅಲ್ಲಲ್ಲಿ ಹಳದಿ ಪೊರೆ. ಆಮೇಲೆ ತಳದಿಂದ ಹೊಳೆಯುವ ಕಡುಗೆಂಪು ಮಾಂಸ ಸಣ್ಣ ಸಣ್ಣ ಉಬ್ಬುಗಳಾಗಿ ಎದ್ದಿತು. ಅದರಲ್ಲಿ ರಕ್ತನಾಳಗಳು ತುಂಬಿರುವುದರಿಂದ ಗಾಜ್ ತಾಗಿದರೂ ಒಂದು ಹನಿ ರಕ್ತ ಬರುತ್ತದೆ, ಗಾಬರಿಯಾಗಬೇಕಿಲ್ಲ. ತೆಳುವಾದ, ಹುಲ್ಲುಬಣ್ಣದ ಅಥವಾ ತುಸು ಗುಲಾಬಿ ನೀರು ಒಸರುವುದೂ ಸಹಜವೇ. ದಪ್ಪ ಹಸಿರು-ಹಳದಿ ಕೀವು, ದುರ್ವಾಸನೆ, ಸುತ್ತಲ ಚರ್ಮ ಬಿಸಿಯಾಗಿ ಊದುವುದು, ಊಟ ಬಿಡುವುದು, ಗುದದಲ್ಲಿ ಥರ್ಮಾಮೀಟರ್ ಇಟ್ಟರೆ 103 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು, ಇವು ಕಂಡರೆ ಮನೆಮದ್ದು ಬಿಟ್ಟು ಗಾಡಿ ಹತ್ತಬೇಕು. ನಾಯಿಯ ಮೈ ಬಿಸಿ ಸಹಜವಾಗಿಯೇ 101ರಿಂದ 102.5 ಇರುವುದರಿಂದ ನಮ್ಮ ಲೆಕ್ಕದಲ್ಲಿ ಜ್ವರ ಅಂದುಕೊಳ್ಳುವ ಹಾಗಿಲ್ಲ.

ಮಾಂಸ ಚರ್ಮದ ಮಟ್ಟಕ್ಕೆ ಬಂದ ಮೇಲೆ ಅಂಚಿನ ಸುತ್ತ ತೆಳ್ಳಗಿನ ಗುಲಾಬಿ ಪಟ್ಟಿ ಕಾಣಿಸಿತು. ಹೊಸ ಚರ್ಮ. ಅದು ಒಳಗೆ ಸರಿಯುವುದು ದಿನಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ. ಅದರ ಜೊತೆಗೆ ಇಡೀ ಗಾಯವೇ ಒಳಕ್ಕೆ ಕುಗ್ಗುತ್ತಾ ಬರುತ್ತದೆ. ನಾಯಿಯ ಚರ್ಮ ಸಡಿಲವಾಗಿರುವುದರಿಂದ ಅದಕ್ಕೆ ಇದು ಅನುಕೂಲ, ಗಾಯ ಚಿಕ್ಕದಾದದ್ದರಲ್ಲಿ ದೊಡ್ಡ ಪಾಲು ಈ ಕುಗ್ಗುವಿಕೆಯದ್ದೇ. ಆಶ್ಲೇಷ ಮಳೆಯ ಹೊತ್ತಿಗೆ ನಾಣ್ಯ ಇಟ್ಟರೆ ಗಾಯ ಅದರಡಿ ಮುಚ್ಚಿಹೋಗುವಷ್ಟಾಗಿತ್ತು. ತೊಳೆಯುವುದನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದರು. ಈ ಘಟ್ಟದಲ್ಲಿ ತುರಿಕೆ ಜಾಸ್ತಿ, ಕೋನ್ ತೆಗೆಯೋಣ ಅನ್ನುವ ಕನಿಕರವೂ ಜಾಸ್ತಿ. ಡಾಕ್ಟರು ಬಿಡಲಿಲ್ಲ. ತೊಡೆಸಂದಿಯ ಹತ್ತಿರ ಕಲೆ ಗಟ್ಟಿಯಾಗಿ ಎಳೆದುಕೊಂಡರೆ ಕಾಲು ಪೂರ್ತಿ ಚಾಚಲಾಗದು ಅಂತ, ಹಗ್ಗ ಹಾಕಿ ಅಂಗಳದಲ್ಲಿ ನಿಧಾನಕ್ಕೆ ನಡೆಸಲು ಹೇಳಿದರು. ಮಳೆಯಲ್ಲಿ ಕೊಡೆ ಹಿಡಿದು ನಾಯಿ ನಡೆಸುವ ಕೆಲಸ ಮಗನಿಗೆ ಬಿತ್ತು.

ಈಗ ಅಲ್ಲಿ ಕೂದಲು ಬಂದಿದೆ, ಗೆರೆಯ ಉದ್ದಕ್ಕೂ ಬಿಳಿಯದಾಗಿ. ನಡಿಗೆಯಲ್ಲಿ ಕುಂಟಿಲ್ಲ, ಚಳಿ ಹೆಚ್ಚಾದ ಬೆಳಗ್ಗೆ ಮಾತ್ರ ಏಳುವಾಗ ಆ ಕಾಲನ್ನು ತುಸು ಹೊತ್ತು ಎತ್ತಿ ಹಿಡಿಯುತ್ತಾನೆ. ಹಂದಿಗಳು ಬರುವುದು ಬಿಟ್ಟಿಲ್ಲ. ಕತ್ತಲಾದ ಮೇಲೆ ಕೆಂಚನನ್ನು ಜಗಲಿಯಲ್ಲಿ ಉದ್ದ ಸರಪಳಿಗೆ ಕಟ್ಟುತ್ತೇವೆ, ಅಲ್ಲಿಂದಲೇ ಬೊಗಳುತ್ತಾನೆ, ಹಂದಿ ಓಡಿಸಲು ಅಷ್ಟು ಸಾಕಾಗುತ್ತದೆ.

ಪ್ಲಾಸ್ಟಿಕ್ ಕೋನ್ ಈಗ ನಮ್ಮಲ್ಲಿಲ್ಲ. ಕೆಳಮನೆಯ ಹೆಣ್ಣುನಾಯಿಗೆ ಆಪರೇಷನ್ ಆದಾಗ ಹೋದದ್ದು, ಅಲ್ಲಿಂದ ಶಾಲೆಯ ಹತ್ತಿರದವರ ಮನೆಗೆ ಹೋಗಿದೆಯಂತೆ. ಒಯ್ಯುವವರಿಗೆ ಸಿರಿಂಜಿನ ಅಳತೆ, ಉಪ್ಪಿನ ಲೆಕ್ಕ, ಕತ್ತಿನ ಹತ್ತಿರ ಎರಡು ಬೆರಳು ಬಿಡುವುದು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಕೋನ್ ವಾಪಸ್ ಬರುವಾಗ ಸೋಪಿನಲ್ಲಿ ತೊಳೆದು ಬಿಸಿಲಿಗಿಟ್ಟು ತನ್ನಿ ಅಂತಲೂ ಕೊನೆಯಲ್ಲಿ ಸೇರಿಸಿದ್ದೇನೆ.